ಸೆರೆಯಾಳುಗಳ ಬಂಧು ಕ್ಯಾಪ್ಟನ್ ಮೆಕಾನಕಿ

ಸೆರೆಮನೆಯ ಅನುಭವವು ನಮ್ಮ ಜನಾಂಗಕ್ಕೆ ಹೊಸದಲ್ಲ. ದೇಶದ ಬಿಡುಗಡೆಗಾಗಿ ಹೋರಾಡಿದ ನಮ್ಮ ಹಿರಿಯರಲ್ಲಿ ಸಾವಿರಾರು ಮಂದಿ ಹಿಂಡಲಗಿಯಲ್ಲಿಯೂ ಯರವಡೆಯಲ್ಲಿಯೂ ದಿನಗಳನ್ನು ಎಣಿಸಿದರು. ಕೆಲವರು ಸಮುದ್ರವನ್ನು ದಾಟಿ ಅಂಡಮಾನಿನ ಕರಿನೀರಿನ ಶಿಕ್ಷೆಯನ್ನೂ ಅನುಭವಿಸಿದರು. ಅವರು ಹೊರಗೆ ಬಂದಾಗ ಜನರು ಹೂಮಾಲೆ ಹಾಕಿ ಎದುರುಗೊಂಡರು. ಆದರೆ ಅದೇ ಬಾಗಿಲಿನಿಂದ, ಕಳವಿಗಾಗಿಯೋ ಹೊಡೆದಾಟಕ್ಕಾಗಿಯೋ ಶಿಕ್ಷೆ ಹೊಂದಿ, ಅವಧಿಯನ್ನು ಮುಗಿಸಿ ಹೊರಬಿದ್ದ ಸಾಮಾನ್ಯ ಕೈದಿಯನ್ನು ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಆತನು ಯಾವ ಮನಸ್ಸಿನಿಂದ ಒಳಗೆ ಹೋಗಿದ್ದನು, ಯಾವ ಮನಸ್ಸಿನಿಂದ ಹೊರಗೆ ಬಂದನು, ನಾಳೆ ಹೊಟ್ಟೆಗೆ ಏನು ಮಾಡುವನು ಎಂಬುದನ್ನು ವಿಚಾರಿಸುವ ಹೊಣೆಯನ್ನು ಸಮಾಜವು ತನ್ನದೆಂದು ತಿಳಿಯಲಿಲ್ಲ. ಈ ಹೊಣೆಯೇ ಸೆರೆಮನೆಯ ಮುಖ್ಯ ಹೊಣೆಯೆಂದು 1840ರಲ್ಲಿಯೇ ಹೇಳಿ, ಹೇಳಿದ್ದನ್ನು ಲೋಕದ ಅತ್ಯಂತ ಘೋರವಾದ ಒಂದು ಬಂದೀಖಾನೆಯಲ್ಲಿ ಮಾಡಿ ತೋರಿಸಿ, ಅದಕ್ಕಾಗಿ ತನ್ನ ಅಧಿಕಾರವನ್ನು ಕಳೆದುಕೊಂಡ ಒಬ್ಬ ಪುರುಷನ ಜೀವನವನ್ನು ಇಂದು ವಾಚಕರ ಮುಂದೆ ಇಡಬಯಸುತ್ತೇವೆ. ಆತನೇ ಕ್ಯಾಪ್ಟನ್ ಅಲೆಕ್ಸಾಂಡರ್ ಮೆಕಾನಕಿ.

ಮೆಕಾನಕಿಯು 1787ನೆಯ ಇಸವಿ ಫೆಬ್ರವರಿ 11ರಂದು ಸ್ಕಾಟ್ಲೆಂಡಿನ ಎಡಿನ್‌ಬರೊ ನಗರದಲ್ಲಿ ಹುಟ್ಟಿದನು. ತಂದೆ ವಕೀಲ. ಮಗನು ಇನ್ನೂ ಬಾಲಕನಾಗಿದ್ದಾಗಲೇ ತಂದೆಯು ತೀರಿಕೊಂಡನು. ಮುಂದೆ ನ್ಯಾಯಾಧೀಶನಾಗಿ ಹೆಸರು ಪಡೆದ ಬಂಧುವೊಬ್ಬನು ಹುಡುಗನನ್ನು ಸಾಕಿ, ಕಾನೂನನ್ನೇ ಓದಿಸಬೇಕೆಂದು ಬಗೆದನು. ಆದರೆ ಹುಡುಗನ ಮನಸ್ಸು ಕಡಲಿನ ಕಡೆಗೆ ಎಳೆಯುತ್ತಿತ್ತು. 1803ರಲ್ಲಿ, ಹದಿನಾರು ವರ್ಷದ ತರುಣನಾಗಿ, ಆತನು ಬ್ರಿಟಿಷ್ ನೌಕಾದಳವನ್ನು ಸೇರಿದನು. ಅದು ನೆಪೋಲಿಯನ್ನನೊಡನೆ ಯುದ್ಧ ನಡೆಯುತ್ತಿದ್ದ ಕಾಲ.

ಆತನ ಮುಂದಿನ ಬಾಳಿಗೆಲ್ಲ ಬೀಜವಾದ ಸಂಗತಿಯು 1811ರ ಡಿಸೆಂಬರಿನಲ್ಲಿ ನಡೆಯಿತು. ಆತನಿದ್ದ ಗ್ರಾಸ್‌ಹಾಪರ್ ಎಂಬ ಹಡಗು ಹಾಲೆಂಡಿನ ಕರಾವಳಿಯ ಬಳಿ ಬಿರುಗಾಳಿಗೆ ಸಿಕ್ಕಿ, ಮರಳುದಿಣ್ಣೆಗಳ ನಡುವೆ ದಾರಿಗಾಣದೆ ಶತ್ರುಗಳಿಗೆ ಒಪ್ಪಿಸಿಕೊಂಡಿತು. ಜೊತೆಯಲ್ಲಿದ್ದ ಹೀರೋ ಎಂಬ ಯುದ್ಧನೌಕೆಯು ಒಡೆದು ಅದರೊಳಗಿನ ನೂರಾರು ನಾವಿಕರು ನೀರುಪಾಲಾದರು. ಬದುಕಿ ಉಳಿದ ಮೆಕಾನಕಿಯನ್ನು ಸಂಗಡಿಗರೊಡನೆ ಹಾಲೆಂಡಿನಿಂದ ಫ್ರಾನ್ಸಿನ ವರ್ಡನ್ ಕೋಟೆಯವರೆಗೆ ಕೊರೆಯುವ ಚಳಿಗಾಲದಲ್ಲಿ ನಡೆಸಿಕೊಂಡು ಹೋದರು. ಎರಡು ವರ್ಷಗಳಿಗೂ ಮಿಕ್ಕಿ ಆತನು ಯುದ್ಧಕೈದಿಯಾಗಿದ್ದನು. 1814ರಲ್ಲಿ ನೆಪೋಲಿಯನ್ನನು ಪದಚ್ಯುತನಾದ ಮೇಲೆ ಬಿಡುಗಡೆ ಹೊಂದಿದನು. ಮುಂದೆ ಸೆರೆಮನೆಗಳ ಸುಧಾರಣೆಯನ್ನು ಕುರಿತು ಬರೆದ ಪಂಡಿತರೂ ಧರ್ಮಬೋಧಕರೂ ಹಲವರು ಇದ್ದರು. ಆದರೆ ಅವರಲ್ಲಿ ಸ್ವತಃ ಬಂದಿಯಾಗಿ ಬಾಳಿದವರು ಬಹು ವಿರಳ. ಇತರರ ಇಷ್ಟದಂತೆ ಏಳುವುದು, ಇತರರ ಇಷ್ಟದಂತೆ ಉಣ್ಣುವುದು, ಬಿಡುಗಡೆಯ ದಿನ ಯಾವುದೆಂದು ತಿಳಿಯದೆ ಕಾಯುವುದು ಎಂದರೇನು ಎಂಬುದನ್ನು ಮೆಕಾನಕಿಯು ತನ್ನ ಯೌವನದಲ್ಲಿಯೇ ಕಲಿತನು.

ಯುದ್ಧವು ಮುಗಿಯುತ್ತಲೇ ನೌಕಾದಳದಲ್ಲಿ ಕೆಲಸವು ಕಡಮೆಯಾಯಿತು. 1815ರಲ್ಲಿ ಕಮಾಂಡರ್ ಪದವಿಗೇರಿದ ಮೆಕಾನಕಿಯು ದಡವನ್ನು ಸೇರಿ ವ್ಯಾಸಂಗದಲ್ಲಿ ತೊಡಗಿದನು. 1822ರಲ್ಲಿ ವಿವಾಹವಾಯಿತು. 1830ರಲ್ಲಿ ಲಂಡನ್ನಿನಲ್ಲಿ ಭೂಗೋಲ ಸಂಘವು ಸ್ಥಾಪಿತವಾದಾಗ ಅದರ ಮೊದಲನೆಯ ಕಾರ್ಯದರ್ಶಿ ಈತನೇ; 1833ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಭೂಗೋಲಶಾಸ್ತ್ರದ ಮೊದಲನೆಯ ಪ್ರಾಧ್ಯಾಪಕನೂ ಈತನೇ. ಹೀಗೆ ನೆಮ್ಮದಿಯ ವಿದ್ವಜ್ಜೀವನವು ಸಾಗುತ್ತಿದ್ದಾಗ, ಉತ್ತರಧ್ರುವದ ಅನ್ವೇಷಣೆಯಿಂದ ಪ್ರಸಿದ್ಧನಾಗಿದ್ದ ಆತನ ಗೆಳೆಯ ಸರ್ ಜಾನ್ ಫ್ರ್ಯಾಂಕ್ಲಿನ್ನನು ವ್ಯಾನ್ ಡೀಮನ್ಸ್ ಲ್ಯಾಂಡಿನ ಗವರ್ನರನಾಗಿ ನೇಮಕಗೊಂಡನು. ಇಂದು ಟಾಸ್ಮೇನಿಯ ಎನ್ನಿಸಿಕೊಳ್ಳುವ ದ್ವೀಪವೇ ಅದು. 1836ರಲ್ಲಿ ಫ್ರ್ಯಾಂಕ್ಲಿನ್ನನ ಖಾಸಗಿ ಕಾರ್ಯದರ್ಶಿಯಾಗಿ ಮೆಕಾನಕಿಯು ಹೆಂಡತಿ ಮಕ್ಕಳೊಡನೆ ಹಡಗನ್ನೇರಿದನು. ಹೊರಡುವ ಮುನ್ನ, ಸೆರೆಮನೆಗಳ ಶಿಸ್ತನ್ನು ಸುಧಾರಿಸಲು ಇಂಗ್ಲೆಂಡಿನಲ್ಲಿ ಏರ್ಪಟ್ಟಿದ್ದ ಒಂದು ಸಂಘದವರು ಅರುವತ್ತೇಳು ಪ್ರಶ್ನೆಗಳ ಒಂದು ಪಟ್ಟಿಯನ್ನು ಆತನ ಕೈಗಿತ್ತು, ಗಡೀಪಾರಾದವರ ಸ್ಥಿತಿಯನ್ನು ಕಂಡು ಉತ್ತರ ಬರೆಯಬೇಕೆಂದು ಕೋರಿದ್ದರು.

ಆ ಸ್ಥಿತಿಯು ಎಂತಹದೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. 1788ರಿಂದ 1868ರವರೆಗೆ ಬ್ರಿಟಿಷ್ ಸರಕಾರವು ತನ್ನ ಅಪರಾಧಿಗಳಲ್ಲಿ ಸುಮಾರು 1,60,000 ಮಂದಿಯನ್ನು ಆಸ್ಟ್ರೇಲಿಯಕ್ಕೆ ಸಾಗಿಸಿತು. ಅಲ್ಲಿ ಇಳಿದ ಕೈದಿಯನ್ನು ಯಾವನಾದರೊಬ್ಬ ವಸಾಹತುಗಾರನಿಗೆ ಕೂಲಿಯಿಲ್ಲದ ಆಳಾಗಿ ಒಪ್ಪಿಸುವುದು ರೂಢಿ. ಒಡೆಯನು ಒಳ್ಳೆಯವನಾದರೆ ಕೈದಿಯ ಪುಣ್ಯ. ಕೆಟ್ಟವನಾದರೆ ಒಂದು ಎದುರುಮಾತಿಗೂ ಮ್ಯಾಜಿಸ್ಟ್ರೇಟನ ಮುಂದೆ ನಿಲ್ಲಿಸಿ ಚಾಟಿಯೇಟು. ಅಪರಾಧದ ಗಾತ್ರಕ್ಕೂ ಅನುಭವಿಸುವ ಶಿಕ್ಷೆಗೂ ಯಾವ ಸಂಬಂಧವೂ ಇರಲಿಲ್ಲ. ಮೆಕಾನಕಿಯು ಇದನ್ನು ಕಣ್ಣಾರೆ ಕಂಡು, ಈ ಪದ್ಧತಿಯು ಗುಲಾಮಗಿರಿಯೇ ಎಂದೂ, ಅದು ಕೈದಿಯನ್ನು ಮಾತ್ರವಲ್ಲದೆ ಆತನನ್ನು ಆಳುವ ಒಡೆಯನನ್ನೂ ಕೆಡಿಸುವುದೆಂದೂ ಮುಚ್ಚುಮರೆಯಿಲ್ಲದೆ ಬರೆದನು. ತನ್ನ ವಸಾಹತುಗಳಲ್ಲಿ ಕರಿಯರ ಗುಲಾಮಗಿರಿಯನ್ನು 1833ರ ಕಾನೂನಿನಿಂದ ರದ್ದುಪಡಿಸಿದೆನೆಂದು ಬ್ರಿಟನ್ನು ಹೆಮ್ಮೆಪಡುತ್ತಿದ್ದ ದಿನಗಳಲ್ಲಿ ಈ ಮಾತು ಮುಳ್ಳಿನಂತೆ ಚುಚ್ಚಿತು.

ವರದಿಯು ಲಂಡನ್ನನ್ನು ಮುಟ್ಟಿತು. 1838ರಲ್ಲಿ ಪಾರ್ಲಿಮೆಂಟಿನ ಕಾಗದಪತ್ರಗಳಲ್ಲಿ ಅಚ್ಚಾಯಿತು. ಗಡೀಪಾರು ಶಿಕ್ಷೆಯ ವಿಚಾರಣೆಗೆಂದು ಮೋಲ್ಸ್‌ವರ್ತನ ಅಧ್ಯಕ್ಷತೆಯಲ್ಲಿ ಕುಳಿತಿದ್ದ ಸಮಿತಿಗೆ ಅದು ದೊಡ್ಡ ಆಧಾರವಾಯಿತು. 1840ರಲ್ಲಿ ನ್ಯೂ ಸೌತ್ ವೇಲ್ಸಿಗೆ ಕೈದಿಗಳನ್ನು ಸಾಗಿಸುವುದು ನಿಂತುಹೋಯಿತು. ಆದರೆ ಹೋಬರ್ಟ್ ಪಟ್ಟಣದಲ್ಲಿ ಕೈದಿಗಳ ಬಿಟ್ಟಿ ದುಡಿಮೆಯಿಂದ ಬಾಳುತ್ತಿದ್ದ ಒಡೆಯರೂ ಅಧಿಕಾರಿಗಳೂ ಸಿಟ್ಟಿಗೆದ್ದರು. ಗೆಳೆಯನಾದ ಫ್ರ್ಯಾಂಕ್ಲಿನ್ನನೇ ಮೆಕಾನಕಿಯನ್ನು ಕೆಲಸದಿಂದ ತೆಗೆದುಹಾಕಿದನು. ಸತ್ಯವನ್ನು ಬರೆದುದಕ್ಕಾಗಿ ಆತನಿಗೆ ದೊರೆತ ಮೊದಲನೆಯ ಬಹುಮಾನವಿದು.

ಕೆಲಸವನ್ನು ಕಳೆದುಕೊಂಡ ಮೆಕಾನಕಿಯು ಪ್ರಚಲಿತ ಪದ್ಧತಿಯನ್ನು ಖಂಡಿಸುವಷ್ಟಕ್ಕೆ ತೃಪ್ತನಾಗದೆ, ಅದರ ಸ್ಥಾನದಲ್ಲಿ ಏನಿರಬೇಕೆಂಬುದನ್ನೂ ಆಲೋಚಿಸಿದನು. ಆತನ ವಿಚಾರಸರಣಿಯು ಸರಳವಾದುದು. ಕೈದಿಗೆ ಏಳು ವರ್ಷ, ಹತ್ತು ವರ್ಷ ಎಂದು ಕಾಲದ ಲೆಕ್ಕದಲ್ಲಿ ಶಿಕ್ಷೆ ವಿಧಿಸಿದರೆ ಆತನು ಮಾಡಬೇಕಾದುದು ಒಂದೇ, ಕಾಲವನ್ನು ಹೇಗಾದರೂ ಕಳೆಯುವುದು. ದುಡಿದರೂ ಅಷ್ಟೇ ದಿನ, ಮೈಗಳ್ಳನಾದರೂ ಅಷ್ಟೇ ದಿನ. ಹೀಗಿರುವಾಗ ಸೋಮಾರಿತನವೂ ಕಪಟವೂ ಆತನಿಗೆ ಲಾಭಕರವಾದ ವಿದ್ಯೆಗಳಾಗುತ್ತವೆ. ಆ ವಿದ್ಯೆಗಳಲ್ಲಿ ಪಾರಂಗತನಾಗಿಯೇ ಆತನು ಹೊರಗೆ ಬರುತ್ತಾನೆ. ಇದಕ್ಕೆ ಬದಲಾಗಿ ಶಿಕ್ಷೆಯನ್ನು ದುಡಿಮೆಯ ಲೆಕ್ಕದಲ್ಲಿ ವಿಧಿಸಬೇಕು. ಇಷ್ಟು ಮಾರ್ಕುಗಳನ್ನು ಸಂಪಾದಿಸಿದರೆ ಬಿಡುಗಡೆ ಎಂದು ಗೊತ್ತುಪಡಿಸಬೇಕು. ಏಳು ವರ್ಷಗಳ ಶಿಕ್ಷೆಗೆ 6,000, ಹತ್ತು ವರ್ಷಗಳಿಗೆ 7,000, ಜೀವಾವಧಿಗೆ 8,000 ಮಾರ್ಕುಗಳೆಂದು ಆತನು ಲೆಕ್ಕ ಹಾಕಿದನು. ದುಡಿಮೆಯಿಂದಲೂ ಸನ್ನಡತೆಯಿಂದಲೂ ಮಾರ್ಕುಗಳು ಕೂಡುತ್ತವೆ. ತಪ್ಪು ಮಾಡಿದರೆ ಕಳೆಯುತ್ತವೆ. ತೀರ ಸಾಮಾನ್ಯವಾದ ಆಹಾರವನ್ನು ಮೀರಿ ರುಚಿಯಾದುದೇನಾದರೂ ಬೇಕೆಂದರೆ ಆ ಮಾರ್ಕುಗಳನ್ನೇ ತೆತ್ತು ಕೊಳ್ಳಬೇಕು. ಇಂದಿನ ಬಾಯಿಚಪಲವೋ ನಾಳಿನ ಬಿಡುಗಡೆಯೋ ಎಂಬುದನ್ನು ಕೈದಿಯೇ ತೂಗಿ ನೋಡಬೇಕು. ಮೊದಲು ಹಳೆಯ ತಪ್ಪಿಗೆ ದಂಡ, ಅನಂತರ ಮುಂದಿನ ಬಾಳಿಗೆ ತರಬೇತು. ಕೆಲವು ಕಾಲದ ಮೇಲೆ ಆರಾರು ಮಂದಿಯ ಗುಂಪುಗಳನ್ನು ಕಟ್ಟಿ, ಒಬ್ಬನ ಗಳಿಕೆಯಲ್ಲಿ ಎಲ್ಲರಿಗೂ ಪಾಲು, ಒಬ್ಬನ ತಪ್ಪಿಗೆ ಎಲ್ಲರೂ ಹೊಣೆ ಎಂದು ಏರ್ಪಡಿಸಬೇಕು. ಹೀಗೆ ಸೆರೆಮನೆಯ ಬೀಗದ ಕೈಯು ಕೈದಿಯ ಕೈಯಲ್ಲಿಯೇ ಇರಬೇಕು ಎಂಬುದು ಆತನ ಸಿದ್ಧಾಂತದ ತಿರುಳು.

ಈ ಸಿದ್ಧಾಂತವನ್ನು ಪರೀಕ್ಷಿಸಲು ಸರಕಾರವು ಕೊಟ್ಟ ಸ್ಥಳವು ನಾರ್ಫೋಕ್ ದ್ವೀಪ. ಸಿಡ್ನಿಯಿಂದ ಪೂರ್ವಕ್ಕೆ ಸುಮಾರು ಸಾವಿರ ಮೈಲು ದೂರದಲ್ಲಿ, ಶಾಂತಸಾಗರದ ನಡುವೆ, ಐದು ಮೈಲು ಉದ್ದದ ಒಂದು ಪುಟ್ಟ ನೆಲ. ಪ್ರಕೃತಿಯ ದೃಷ್ಟಿಯಿಂದ ಅದು ಸ್ವರ್ಗಸದೃಶವಾಗಿತ್ತು. ಆದರೆ ಗಡೀಪಾರಾಗಿ ಬಂದ ಮೇಲೆ ಆಸ್ಟ್ರೇಲಿಯದಲ್ಲಿ ಪುನಃ ಅಪರಾಧವನ್ನೆಸಗಿದವರನ್ನು ತಂದು ತುಂಬುವ ನರಕವಾಗಿ ಅದನ್ನು ಮಾರ್ಪಡಿಸಿದ್ದರು. ಸಂಕೋಲೆ, ಚಾಟಿ, ಕತ್ತಲೆಕೋಣೆಗಳೇ ಅಲ್ಲಿನ ಶಾಸನ. 1834ರಲ್ಲಿ ಅಲ್ಲಿ ದಂಗೆಯಾಗಿ ಹದಿಮೂರು ಮಂದಿಯನ್ನು ಗಲ್ಲಿಗೇರಿಸಿದರು. ಮರಣದಂಡನೆಗೆ ಗುರಿಯಾದವರನ್ನು ಸಂತೈಸಲೆಂದು ಸಿಡ್ನಿಯಿಂದ ಹೋದ ಅಲ್ಲಥಾರ್ನ್ ಎಂಬ ಕ್ರೈಸ್ತ ಪಾದ್ರಿಯು ಕಂಡ ನೋಟವನ್ನು ಚರಿತ್ರೆಯು ಮರೆತಿಲ್ಲ. ಯಾರ ಯಾರ ಜೀವವು ಉಳಿಯಿತೆಂದು ಓದಿ ಹೇಳಿದಾಗ ಉಳಿದವರು ಗೋಳಾಡಿದರು. ಸಾಯಲಿರುವವರು ಮೊಣಕಾಲೂರಿ ದೇವರಿಗೆ ಕೃತಜ್ಞತೆಯನ್ನು ಸಲ್ಲಿಸಿದರು.

ಅಂತಹ ನೆಲದ ಮೇಲೆ 1840ನೆಯ ಮಾರ್ಚಿಯಲ್ಲಿ ಮೆಕಾನಕಿಯು ಕಾಲಿಟ್ಟನು. ಆತನಿಗೆ ಆಗ ಐವತ್ತಮೂರು ವರ್ಷ. ನ್ಯೂ ಸೌತ್ ವೇಲ್ಸಿನ ಗವರ್ನರ್ ಸರ್ ಜಾರ್ಜ್ ಗಿಪ್ಸನು ಒಂದು ಕಟ್ಟಳೆಯನ್ನು ವಿಧಿಸಿದ್ದನು: ಇಂಗ್ಲೆಂಡಿನಿಂದ ನೇರವಾಗಿ ಬರುವ ಹೊಸ ಕೈದಿಗಳ ಮೇಲೆ ಮಾತ್ರ ಮಾರ್ಕು ಪದ್ಧತಿಯನ್ನು ಪ್ರಯೋಗಿಸಬಹುದು, ಎರಡು ಬಾರಿ ಶಿಕ್ಷೆಗೊಂಡ ಹಳಬರಿಗೆ ಹಳೆಯ ಕ್ರಮವೇ ಇರತಕ್ಕದ್ದು. ಆದರೆ ಆ ಚಿಕ್ಕ ದ್ವೀಪದಲ್ಲಿ ಅಕ್ಕಪಕ್ಕದಲ್ಲಿ ನಿಂತು ದುಡಿಯುವ ಮನುಷ್ಯರಲ್ಲಿ ಕೆಲವರಿಗೆ ಆಸೆಯನ್ನೂ ಕೆಲವರಿಗೆ ಚಾಟಿಯನ್ನೂ ಹಂಚುವುದು ಸಾಧ್ಯವಿಲ್ಲವೆಂದು ಮೆಕಾನಕಿಯು ಕಂಡುಕೊಂಡನು. ಆತನು ಹಳಬರನ್ನೂ ಒಳಗೊಳಿಸಿಯೇ ಕಾರ್ಯವನ್ನು ಆರಂಭಿಸಿದನು.

ಆ ವರ್ಷದ ಮೇ 25ರಂದು ವಿಕ್ಟೋರಿಯ ರಾಣಿಯ ಜನ್ಮದಿನದ ಉತ್ಸವ. ಅಂದು ಮೆಕಾನಕಿಯು ಸೆರೆಮನೆಯ ಬಾಗಿಲುಗಳನ್ನು ತೆರೆಯಿಸಿ, ಸಾವಿರಕ್ಕೂ ಹೆಚ್ಚು ಕೈದಿಗಳಿಗೆ ದ್ವೀಪದ ತುಂಬ ಸ್ವೇಚ್ಛೆಯಾಗಿ ಅಡ್ಡಾಡುವ ಅನುಮತಿಯನ್ನು ಕೊಟ್ಟನು. ಹಬ್ಬದೂಟ ನಡೆಯಿತು, ನೀರು ಬೆರಸಿದ ಒಂದೊಂದು ಬಟ್ಟಲು ಮದ್ಯವನ್ನು ಹಂಚಿ ರಾಣಿಯ ಆರೋಗ್ಯಕ್ಕೆ ಶುಭ ಕೋರಿಸಿದನು, ಕೈದಿಗಳೇ ನಾಟಕವನ್ನಾಡಿದರು, ರಾತ್ರಿ ಬಾಣಬಿರುಸುಗಳನ್ನು ಹಾರಿಸಿದರು. ಕಹಳೆಯು ಮೊಳಗಿದಾಗ ಎಲ್ಲರೂ ತಾವಾಗಿಯೇ ತಮ್ಮ ಕೋಣೆಗಳಿಗೆ ಹಿಂದಿರುಗಿದರು. ಕಳವಿಲ್ಲ, ಜಗಳವಿಲ್ಲ. ಆದರೆ ಸುದ್ದಿಯು ಸಿಡ್ನಿಯನ್ನು ಮುಟ್ಟಿದಾಗ ಅಲ್ಲಿನ ಪತ್ರಿಕೆಗಳೂ ಗಣ್ಯರೂ ಹುಯಿಲೆಬ್ಬಿಸಿದರು. ದರೋಡೆಗಾರರಿಗೆ ಔತಣವೇ ಎಂದು ಕೇಳಿದರು. ಆ ರಾತ್ರಿ ಒಬ್ಬನೂ ತಪ್ಪು ಮಾಡಲಿಲ್ಲವೆಂಬ ಸಂಗತಿಯನ್ನು ಮಾತ್ರ ಯಾರೂ ಗಮನಕ್ಕೆ ತಂದುಕೊಳ್ಳಲಿಲ್ಲ.

ಮುಂದಿನ ನಾಲ್ಕು ವರ್ಷಗಳಲ್ಲಿ ಆ ದ್ವೀಪದ ರೂಪವೇ ಬದಲಾಯಿತು. ಸೆರೆಮನೆಯ ಬಳಿ ಸದಾ ನಿಂತಿರುತ್ತಿದ್ದ ನೇಣುಗಂಬವನ್ನು ಮೆಕಾನಕಿಯು ಕೀಳಿಸಿದನು. ಕ್ರೈಸ್ತರ ಎರಡು ಪಂಥಗಳವರಿಗೂ ಒಂದೊಂದು ಪ್ರಾರ್ಥನಾಮಂದಿರವನ್ನು ಕಟ್ಟಿಸಿದನು. ಕೆಲವೇ ಮಂದಿಯಿದ್ದ ಯೆಹೂದ್ಯರಿಗೂ ಪ್ರಾರ್ಥನೆಗೆ ಕೋಣೆಯನ್ನು ಒದಗಿಸಿದನು. ಪಾಠಶಾಲೆ, ಪುಸ್ತಕಗಳು, ವಾದ್ಯಗಳು ಬಂದವು. ಕೈದಿಗಳು ತಮ್ಮ ತಮ್ಮ ತೋಟಗಳಲ್ಲಿ ಕಾಯಿಪಲ್ಯಗಳನ್ನು ಬೆಳೆದರು. ಅಧಿಕಾರಿಯ ಎದುರಿಗೆ ಕುಗ್ಗಿ ನಿಲ್ಲದೆ ತಲೆಯೆತ್ತಿ ಮಾತನಾಡಬಹುದೆಂದಾಯಿತು. ಸತ್ತ ಕೈದಿಯ ಗೋರಿಯ ಮೇಲೆ ಹೆಸರನ್ನು ಕೆತ್ತಿದ ಕಲ್ಲನ್ನು ನೆಡಲು ಅಪ್ಪಣೆಯಾಯಿತು. ಸೈನಿಕರ ಕಾವಲಿಲ್ಲದೆ ಮೆಕಾನಕಿಯು ಕೈದಿಗಳ ನಡುವೆ ಓಡಾಡುತ್ತಿದ್ದನು. ಆತನ ಹೆಂಡತಿ ಮಕ್ಕಳೂ ಹಾಗೆಯೇ. ಶಿಕ್ಷೆಯೇ ಇರಲಿಲ್ಲವೆಂದಲ್ಲ. ತಪ್ಪಿಗೆ ದಂಡವು ಇದ್ದೇ ಇತ್ತು. ಆದರೆ ದಂಡವು ಮನುಷ್ಯನನ್ನು ಮುರಿಯುವ ಸಾಧನವಾಗಬಾರದೆಂಬುದು ಆತನ ನಿಶ್ಚಯ.

ಒಬ್ಬ ಕೈದಿಯ ಕಥೆಯನ್ನು ಇಲ್ಲಿ ಹೇಳುವುದು ಉಚಿತ. ಚಾರ್ಲ್ಸ್ ಆಂಡರ್ಸನ್ ಎಂಬವನು ಯುದ್ಧದಲ್ಲಿ ತಲೆಗೆ ಪೆಟ್ಟು ತಿಂದು, ಕುಡಿದಾಗ ಕೆರಳುವ ಸ್ವಭಾವದವನಾಗಿದ್ದ ನಾವಿಕ. ಗಡೀಪಾರಾಗಿ ಬಂದ ಮೇಲೆ ಓಡಿಹೋಗಲು ಮತ್ತೆ ಮತ್ತೆ ಯತ್ನಿಸಿ, ನೂರಾರು ಚಾಟಿಯೇಟುಗಳನ್ನು ತಿಂದು, ಕೊನೆಗೆ ಸಿಡ್ನಿ ಬಂದರಿನ ಗೋಟ್ ದ್ವೀಪದಲ್ಲಿ ಬಂಡೆಗೆ ಸರಪಳಿಯಿಂದ ಕಟ್ಟಲ್ಪಟ್ಟನು. ದೋಣಿಗಳಲ್ಲಿ ಹೋಗುವವರು ಆತನನ್ನು ಮೃಗವೆಂಬಂತೆ ನೋಡಿ, ರೊಟ್ಟಿಯ ಚೂರುಗಳನ್ನು ಎಸೆಯುತ್ತಿದ್ದರೆಂದು ಹೇಳುತ್ತಾರೆ. ಮೆಕಾನಕಿಯು ನಾರ್ಫೋಕಿಗೆ ಬಂದಾಗ ಇವನು ಅಲ್ಲಿದ್ದನು. ಸಂಗಡಿಗರ ಕುಚೋದ್ಯಕ್ಕೆ ಗುರಿಯಾಗಿ, ಮುಪ್ಪಡರಿದವನಂತೆ ಕಾಣುತ್ತಿದ್ದನು. ಮೆಕಾನಕಿಯು ಪಳಗದ ಕೆಲವು ಎತ್ತುಗಳನ್ನು ಇವನ ವಶಕ್ಕೆ ಕೊಟ್ಟು, ಯಾರೂ ಇವನನ್ನು ಕೆಣಕಬಾರದೆಂದು ಕಟ್ಟುಮಾಡಿದನು. ಎತ್ತುಗಳೂ ಪಳಗಿದವು, ಮನುಷ್ಯನೂ ಪಳಗಿದನು. ಅನಂತರ ಪಿಟ್ ಬೆಟ್ಟದ ಮೇಲಿನ ಸಂಕೇತಸ್ಥಾನವನ್ನು ನೋಡಿಕೊಳ್ಳುವ ಕೆಲಸವನ್ನು ಕೊಟ್ಟನು. ನಾವಿಕನಿಗೆ ಪುನಃ ಕಡಲೂ ಬಾವುಟಗಳೂ ಹಡಗುಗಳೂ ದೊರೆತವು. ಮುಂದೆ ದ್ವೀಪವನ್ನು ನೋಡಬಂದ ಗವರ್ನರನು, ನಾವಿಕರ ಉಡುಪಿನಲ್ಲಿ ಚುರುಕಾಗಿ ಓಡಾಡುತ್ತಿದ್ದ ಇವನನ್ನು ಕಂಡು, ಯಾರೆಂದು ವಿಚಾರಿಸಿ ಬೆರಗಾದನೆಂದು ಹೇಳುತ್ತಾರೆ.

ಎಲ್ಲವೂ ಸುಸೂತ್ರವಾಗಿ ನಡೆಯಿತೆಂದು ಬರೆದರೆ ಸತ್ಯಕ್ಕೆ ಅಪಚಾರವಾದೀತು. 1842ರ ಜೂನಿನಲ್ಲಿ ಕೆಲವು ಕೈದಿಗಳು ಗವರ್ನರ್ ಫಿಲಿಪ್ ಎಂಬ ಹಡಗನ್ನು ಹಿಡಿದುಕೊಂಡು ಪಾರಾಗಲು ಯತ್ನಿಸಿದರು. ಸೈನಿಕರು ಅದನ್ನು ಮರಳಿ ವಶಪಡಿಸಿಕೊಳ್ಳುವುದರಲ್ಲಿ ಜೀವಗಳು ಹೋದವು. ವಿರೋಧಿಗಳಿಗೆ ಇದೊಂದು ಆಯುಧವಾಯಿತು. ಇದಕ್ಕಿಂತಲೂ ದೊಡ್ಡ ತೊಡಕು ಬೇರೊಂದಿತ್ತು. ಮಾರ್ಕುಗಳನ್ನು ಪೂರ್ತಿಯಾಗಿ ಗಳಿಸಿದವನನ್ನು ಬಿಡುಗಡೆ ಮಾಡುವ ಅಧಿಕಾರವು ಮೆಕಾನಕಿಗೆ ಇರಲಿಲ್ಲ. ಕಾನೂನಿನಂತೆ ಶಿಕ್ಷೆಯು ಕಾಲದ ಲೆಕ್ಕದಲ್ಲಿಯೇ ಇತ್ತು. ಹೀಗಾಗಿ ಆತನು ಕೈದಿಗಳಿಗೆ ಕೊಟ್ಟ ಮಾತನ್ನು ನಡೆಸಿಕೊಡುವ ಶಕ್ತಿಯು ಸಿಡ್ನಿಯಲ್ಲಿಯೂ ಲಂಡನ್ನಿನಲ್ಲಿಯೂ ಉಳಿಯಿತು. ಬೀಗದ ಕೈಯನ್ನು ಕೈದಿಗೆ ಒಪ್ಪಿಸಿದರು, ಆದರೆ ಆ ಬೀಗಕ್ಕೆ ಹೊರಗಿನಿಂದ ಮತ್ತೊಂದು ಬೀಗವನ್ನು ಜಡಿದಿದ್ದರು.

1843ರ ಮಾರ್ಚಿಯಲ್ಲಿ ಗವರ್ನರ್ ಗಿಪ್ಸನು ಮುನ್ಸೂಚನೆಯನ್ನು ಕೊಡದೆ ದ್ವೀಪಕ್ಕೆ ಬಂದಿಳಿದು, ಆರು ದಿನವಿದ್ದು, ಎಲ್ಲವನ್ನೂ ಪರೀಕ್ಷಿಸಿದನು. ಟೀಕಾಕಾರನಾಗಿ ಬಂದವನು ಬಹುಮಟ್ಟಿಗೆ ಅನುಕೂಲವಾದ ವರದಿಯನ್ನೇ ಬರೆದನು. ಕೈದಿಗಳು ಶಾಂತರೂ ವಿಧೇಯರೂ ಆಗಿದ್ದಾರೆಂದು ಒಪ್ಪಿಕೊಂಡನು. ಆದರೆ ಕಾಲವು ಮಿಂಚಿಹೋಗಿತ್ತು. ಹಡಗುಗಳಲ್ಲಿ ಕಾಗದಗಳು ತಿಂಗಳುಗಟ್ಟಲೆ ಸಾಗುತ್ತಿದ್ದ ಆ ದಿನಗಳಲ್ಲಿ, ವರದಿಯು ಲಂಡನ್ನನ್ನು ಸೇರುವ ಮುನ್ನವೇ ಮೆಕಾನಕಿಯನ್ನು ಹಿಂದಕ್ಕೆ ಕರೆಸಿಕೊಳ್ಳುವ ನಿರ್ಧಾರವಾಗಿಬಿಟ್ಟಿತ್ತು. 1844ರ ಫೆಬ್ರವರಿಯಲ್ಲಿ ಆತನು ದ್ವೀಪವನ್ನು ಬಿಟ್ಟನು. ತನ್ನ ಕಾಲದಲ್ಲಿ ಬಿಡುಗಡೆ ಹೊಂದಿ ಸಿಡ್ನಿಗೆ ಹೋದ, ಎರಡು ಬಾರಿ ಶಿಕ್ಷೆಗೊಂಡಿದ್ದ 920 ಮಂದಿಯಲ್ಲಿ ಪುನಃ ಶಿಕ್ಷೆಗೆ ಗುರಿಯಾದವರು ಕೇವಲ 20 ಮಂದಿ ಎಂಬುದು ಆತನು ಮುಂದಿಟ್ಟ ಲೆಕ್ಕ. ಎದುರು ಪಕ್ಷದವರು ಈ ಲೆಕ್ಕವನ್ನು ಅನುಮಾನಿಸಬಹುದು. ಆದರೆ ಆತನು ಹೋದ ಮೇಲೆ ನಡೆದುದನ್ನು ಅನುಮಾನಿಸಲು ಯಾರಿಂದಲೂ ಆಗದು.

ಆತನ ಸ್ಥಾನಕ್ಕೆ ಬಂದ ಮೇಜರ್ ಚೈಲ್ಡ್ಸನು ಹಳೆಯ ಕಠೋರ ಕ್ರಮವನ್ನು ಮತ್ತೆ ತಂದನು. ತೋಟಗಳನ್ನು ಕಿತ್ತುಕೊಂಡರು. ಕೊನೆಗೆ ಕೈದಿಗಳು ತಮ್ಮ ಪಾಲಿನ ಆಹಾರವನ್ನು ತಾವೇ ಬೇಯಿಸಿಕೊಳ್ಳುತ್ತಿದ್ದ ಪಾತ್ರೆಗಳನ್ನೂ ಒಂದು ರಾತ್ರಿ ಕಸಿದುಕೊಂಡು ಬೀಗಹಾಕಿದರು. ಮರುದಿನ, 1846ರ ಜುಲೈ 1ರಂದು, ದಂಗೆಯೆದ್ದಿತು. ನಾಲ್ವರು ಅಧಿಕಾರಿಗಳು ಹತರಾದರು. ಅದಕ್ಕಾಗಿ ಅಕ್ಟೋಬರ್ 13ರಂದು ಒಂದೇ ದಿನ ಹನ್ನೆರಡು ಮಂದಿ ಕೈದಿಗಳನ್ನು ಗಲ್ಲಿಗೇರಿಸಿದರು. ಮೆಕಾನಕಿಯು ಕೀಳಿಸಿದ್ದ ನೇಣುಗಂಬಕ್ಕೆ ಹೀಗೆ ಎರಡೇ ವರ್ಷಗಳಲ್ಲಿ ಮತ್ತೆ ಕೆಲಸ ಬಂದಿತು. ದಯೆಯು ದುರ್ಬಲವೆಂದೂ ಕಠೋರತೆಯು ಕ್ಷೇಮವೆಂದೂ ನಂಬುವವರು ಈ ಎರಡು ಆಡಳಿತಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡತಕ್ಕದ್ದು. ನೆಲವೂ ಒಂದೇ, ಕೈದಿಗಳ ವರ್ಗವೂ ಒಂದೇ. ಆಡಳಿತವು ಮಾತ್ರ ಬೇರೆ.

ಇಂಗ್ಲೆಂಡಿಗೆ ಹಿಂದಿರುಗಿದ ಮೆಕಾನಕಿಯು 1846ರಲ್ಲಿ ಅಪರಾಧ ಮತ್ತು ಶಿಕ್ಷೆಯನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. 1849ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದ ಹೊಸ ಸೆರೆಮನೆಗೆ ಅಧಿಕಾರಿಯಾಗಿ ನೇಮಕಗೊಂಡನು. ಅಲ್ಲಿಯೂ ಮ್ಯಾಜಿಸ್ಟ್ರೇಟರೊಡನೆ ಘರ್ಷಣೆ. 1851ರಲ್ಲಿ ಅಲ್ಲಿಂದಲೂ ಆತನನ್ನು ತೆಗೆದುಹಾಕಿದರು. ಆತನ ಸಹಾಯಕನಾಗಿದ್ದ ಆಸ್ಟಿನ್ ಎಂಬವನು ಅಧಿಕಾರವನ್ನು ವಹಿಸಿಕೊಂಡು, ಯಂತ್ರವನ್ನು ತಿರುಗಿಸುವ ನಿರರ್ಥಕ ದುಡಿಮೆಯಿಂದಲೂ ಅಮಾನುಷ ದಂಡನೆಗಳಿಂದಲೂ ಕೈದಿಗಳನ್ನು ಪೀಡಿಸಿದನು. 1853ರಲ್ಲಿ ಹದಿನೈದು ವರ್ಷದ ಒಬ್ಬ ಬಾಲಕೈದಿಯು ನೇಣುಹಾಕಿಕೊಂಡು ಸತ್ತ ಮೇಲೆ ದೇಶವೇ ಬೆಚ್ಚಿತು. ರಾಜಾಜ್ಞೆಯಿಂದ ವಿಚಾರಣಾ ಮಂಡಲಿಯು ಕುಳಿತಿತು. ಆ ಮಂಡಲಿಯು ಮೆಕಾನಕಿಯ ಕಾಲದಲ್ಲಿಯೂ ನಿಯಮಕ್ಕೆ ಹೊರತಾದ ಕೆಲವು ಶಿಕ್ಷೆಗಳು ನಡೆದಿದ್ದುವೆಂದು ಎತ್ತಿ ತೋರಿಸಿತು. ಆತನು ದೋಷರಹಿತನಾಗಿರಲಿಲ್ಲ, ಅಧಿಕಾರವು ಅತ್ಯಂತ ದಯಾಳುವಿನ ಕೈಯನ್ನೂ ಒಮ್ಮೊಮ್ಮೆ ಜಾರಿಸುವುದೆಂಬುದಕ್ಕೆ ಇದೂ ಒಂದು ಸಾಕ್ಷಿ. ಸೆರೆಮನೆಯ ಆಡಳಿತವನ್ನು ಒಬ್ಬ ಸಜ್ಜನನ ಸ್ವಭಾವಕ್ಕೆ ಬಿಡದೆ ಕಾನೂನಿನ ಕಟ್ಟಿನಲ್ಲಿ ಇಡಬೇಕೆಂಬ ಪಾಠವು ಆತನ ಜೀವನದಲ್ಲಿಯೇ ಅಡಗಿದೆ.

1860ರ ಅಕ್ಟೋಬರ್ 25ರಂದು, ಲಂಡನ್ನಿನ ಸಮೀಪದ ಮಾರ್ಡನ್ ಎಂಬ ಊರಿನಲ್ಲಿ ಮೆಕಾನಕಿಯು ತೀರಿಕೊಂಡನು. ಎರಡು ಕಡೆಗಳಿಂದ ಕೆಲಸ ಕಳೆದುಕೊಂಡ, ಒಂದು ಕಡೆಯಿಂದ ಹಿಂದಕ್ಕೆ ಕರೆಸಲ್ಪಟ್ಟ ಈ ವೃದ್ಧನನ್ನು ಲೋಕವು ಸೋತವನೆಂದೇ ಎಣಿಸಿತ್ತು. ಆದರೆ ಆತನು ಬದುಕಿರುವಾಗಲೇ ಆತನ ವಿಚಾರವು ಬೇರೊಂದು ನೆಲದಲ್ಲಿ ಬೇರೂರಿತ್ತು. 1854ರಲ್ಲಿ ಐರ್ಲೆಂಡಿನ ಸೆರೆಮನೆಗಳ ಮೇಲಧಿಕಾರಿಯಾದ ಸರ್ ವಾಲ್ಟರ್ ಕ್ರಾಫ್ಟನನು ಮೆಟ್ಟಿಲು ಮೆಟ್ಟಿಲಾದ ಒಂದು ಕ್ರಮವನ್ನು ಏರ್ಪಡಿಸಿದನು. ಮೊದಲು ಕೆಲವು ತಿಂಗಳುಗಳ ಏಕಾಂತವಾಸ. ಅನಂತರ ಮಾರ್ಕುಗಳನ್ನು ಗಳಿಸುತ್ತ ವರ್ಗದಿಂದ ವರ್ಗಕ್ಕೆ ಏರುವ ಸಾಮೂಹಿಕ ದುಡಿಮೆ. ಅದರ ಮೇಲೆ, ಗೋಡೆಯೂ ಬೀಗವೂ ಹೆಚ್ಚಾಗಿಲ್ಲದ ಲಸ್ಕ್ ಎಂಬಲ್ಲಿನ ಹೊಲಗಳಲ್ಲಿ ನಂಬಿಕೆಯ ಪರೀಕ್ಷೆ. ಕೊನೆಗೆ, ಷರತ್ತಿನ ಮೇಲೆ ಬಿಡುಗಡೆ ಮತ್ತು ಹೊರಗೆ ಕೆಲಸವನ್ನು ಹುಡುಕಿಕೊಟ್ಟು ಮೇಲ್ವಿಚಾರಣೆ ನಡೆಸುವ ವ್ಯವಸ್ಥೆ. 1870ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಕೂಡಿದ ಸೆರೆಮನೆ ಸುಧಾರಕರ ಮಹಾಸಭೆಯು ಈ ತತ್ವಗಳನ್ನು ಎತ್ತಿಹಿಡಿಯಿತು. 1876ರಲ್ಲಿ ತೆರೆದ ಎಲ್ಮೈರ ಸುಧಾರಣಾಲಯವು ಅವುಗಳನ್ನು ಆಚರಣೆಗೆ ತಂದಿತು. ಇಂದು ಪೆರೋಲ್ ಎಂಬ ಹೆಸರಿನಿಂದ ಲೋಕದ ನಾನಾ ರಾಷ್ಟ್ರಗಳಲ್ಲಿ ನಡೆಯುತ್ತಿರುವ ಷರತ್ತಿನ ಬಿಡುಗಡೆಯ ವಂಶವೃಕ್ಷವನ್ನು ಹಿಡಿದು ಹೋದರೆ ಬೇರು ನಾರ್ಫೋಕ್ ದ್ವೀಪವನ್ನು ಮುಟ್ಟುತ್ತದೆ. ಆಸ್ಟ್ರೇಲಿಯದ ರಾಜಧಾನಿಯಾದ ಕ್ಯಾನ್‌ಬೆರದಲ್ಲಿ 2009ರಿಂದ ಕೈದಿಗಳನ್ನು ಇರಿಸಿಕೊಳ್ಳುತ್ತಿರುವ ಸೆರೆಮನೆಗೆ ಆತನ ಹೆಸರನ್ನೇ ಇಟ್ಟಿದ್ದಾರೆ.

ಇನ್ನು ನಮ್ಮ ದೇಶದ ವಿಚಾರ. ಮೆಕಾನಕಿಯ ವರದಿಯನ್ನು ಓದಿದ್ದ ಅದೇ ಬ್ರಿಟಿಷ್ ಸರಕಾರವು, 1857ರ ಸ್ವಾತಂತ್ರ್ಯಸಮರವನ್ನು ಅಡಗಿಸಿದ ಮೇಲೆ, 1858ರಲ್ಲಿ ಅಂಡಮಾನಿನಲ್ಲಿ ಮತ್ತೊಂದು ಕೈದಿಗಳ ದ್ವೀಪವನ್ನು ತೆರೆಯಿತು. ತನ್ನ ಜನರಿಗೆ ಒಲ್ಲದ್ದನ್ನು ಪರಾಧೀನರಿಗೆ ವಿಧಿಸುವುದು ಸಾಮ್ರಾಜ್ಯದ ಧರ್ಮವಷ್ಟೆ! ಆದರೂ ಮೆಕಾನಕಿಯ ಮಾತು ನಮ್ಮ ಕಾನೂನಿನೊಳಗೂ ಹೇಗೋ ನುಸುಳಿತು. 1894ರ ಭಾರತೀಯ ಕಾರಾಗೃಹಗಳ ಕಾನೂನು, ಶಿಕ್ಷೆಯ ಮಾಫಿ ಎಂದರೇನು ಎಂಬುದನ್ನು ನಿರೂಪಿಸುವಾಗ, ಕೈದಿಗಳಿಗೆ ಮಾರ್ಕುಗಳನ್ನು ಕೊಟ್ಟು ಆ ಮೂಲಕ ಶಿಕ್ಷೆಯನ್ನು ಕಡಮೆ ಮಾಡುವ ನಿಯಮಗಳೆಂದೇ ಹೇಳುತ್ತದೆ. ನಾರ್ಫೋಕಿನ ಮಾರ್ಕು ಹೀಗೆ ನಮ್ಮ ಜೈಲಿನ ದಫ್ತರವನ್ನು ಸೇರಿತು. 1919-20ರ ಕಾರಾಗೃಹ ಸಮಿತಿಯು ಕೈದಿಯ ಸುಧಾರಣೆಯೂ ಸೆರೆಮನೆಯ ಗುರಿಯಾಗಬೇಕೆಂದು ಒತ್ತಿ ಹೇಳಿತು. ಸ್ವತಂತ್ರ ಭಾರತದಲ್ಲಿ ನ್ಯಾಯಮೂರ್ತಿ ಮುಲ್ಲಾ ಅವರ ಸಮಿತಿ, 2016ರ ಮಾದರಿ ಕೈಪಿಡಿ, 2023ರಲ್ಲಿ ಕೇಂದ್ರ ಸರಕಾರವು ರಾಜ್ಯಗಳಿಗೆ ಕಳುಹಿಸಿದ ಮಾದರಿ ಕಾನೂನು, ಇವೆಲ್ಲವೂ ಅದೇ ದಿಕ್ಕಿನಲ್ಲಿ ಬೆರಳು ತೋರಿಸುತ್ತವೆ.

ಆದರೆ ಅಂಕಿಗಳು ಬೇರೆಯೇ ಕಥೆಯನ್ನು ಹೇಳುತ್ತವೆ. 2022ರ ಕೊನೆಯಲ್ಲಿ ಭಾರತದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅವುಗಳಲ್ಲಿದ್ದ ಸ್ಥಳವು 4,36,266 ಮಂದಿಗೆ ಮಾತ್ರ. ಒಳಗಿದ್ದವರಲ್ಲಿ 4,34,302 ಮಂದಿ, ಅಂದರೆ ನಾಲ್ವರಲ್ಲಿ ಮೂವರು, ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದ ವಿಚಾರಣಾಧೀನರು. ಮಾಫಿಯು ಶಿಕ್ಷೆಗೊಂಡವನಿಗೆ ಮಾತ್ರ ದೊರೆಯತಕ್ಕ ವಸ್ತು. ವಿಚಾರಣಾಧೀನನು ಎಷ್ಟೇ ಸನ್ನಡತೆಯಿಂದ ಇರಲಿ, ಎಷ್ಟೇ ಪ್ರಾಮಾಣಿಕವಾಗಿ ದುಡಿಯಲಿ, ಆತನ ಲೆಕ್ಕಕ್ಕೆ ಒಂದು ಮಾರ್ಕೂ ಸೇರದು. ಬಿಡುಗಡೆಯ ದಿನವು ಆತನ ನಡತೆಯಲ್ಲಿಲ್ಲ, ಜಾಮೀನು ಕೊಡಬಲ್ಲ ಬಂಧುಗಳ ಹಣದಲ್ಲಿದೆ, ನ್ಯಾಯಾಲಯದ ಮುಂದಿನ ತಾರೀಖಿನಲ್ಲಿದೆ. ತಪ್ಪಿತಸ್ಥನಿಗೆ ಇರುವ ಆಸೆಯು ತಪ್ಪಿತಸ್ಥನೆಂದು ಗೊತ್ತಾಗದವನಿಗೆ ಇಲ್ಲ. ಬಂಡೆಗೆ ಕಟ್ಟಿದ ಸರಪಳಿಯನ್ನು ನಾವು ಬಿಚ್ಚಿದ್ದೇವೆ, ನಿಜ; ಆದರೆ ಕೊನೆ ಕಾಣದ ಕಾಯುವಿಕೆಯೂ ಒಂದು ಸರಪಳಿಯೇ ಎಂಬುದನ್ನು ವರ್ಡನ್ನಿನ ಕೈದಿಯು ಚೆನ್ನಾಗಿ ಬಲ್ಲವನಾಗಿದ್ದನು. ಮೊದಲ ಬಾರಿಗೆ ಆರೋಪಕ್ಕೊಳಗಾದವನು ಆ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದಿದ್ದರೆ, ಮರಣದಂಡನೆಗೋ ಜೀವಾವಧಿಗೋ ಗುರಿಮಾಡುವ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ ಸಾಮಾನ್ಯವಾಗಿ ಬಿಡುಗಡೆ ಮಾಡಬೇಕೆಂದು 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ದಂಡಪ್ರಕ್ರಿಯಾ ಸಂಹಿತೆಯು ವಿಧಿಸಿದೆ. ಆ ವಿಧಿಯು ಕಾಗದದಲ್ಲಿ ಉಳಿಯದೆ, ಪ್ರತಿಯೊಂದು ಸೆರೆಮನೆಯ ಅಧಿಕಾರಿಯೂ ಲೆಕ್ಕವನ್ನು ತೆಗೆದು ಹೆಸರುಗಳನ್ನು ನ್ಯಾಯಾಲಯಕ್ಕೆ ಕಳುಹಿಸುವಂತಾಗಬೇಕು.

ಕೈದಿಯು ಒಂದಲ್ಲ ಒಂದು ದಿನ ಹೊರಗೆ ಬರುವವನೇ. ಆತನು ನಮ್ಮ ಊರಿಗೆ, ನಮ್ಮ ಬೀದಿಗೆ, ನಮ್ಮ ನೆರೆಮನೆಗೆ ಬರುತ್ತಾನೆ. ಆತನನ್ನು ಎಂತಹ ಮನುಷ್ಯನನ್ನಾಗಿ ಹಿಂದಕ್ಕೆ ಪಡೆಯಬೇಕೆಂಬುದು ದಯೆಯ ಪ್ರಶ್ನೆಯಷ್ಟೇ ಅಲ್ಲ, ನಮ್ಮದೇ ಕ್ಷೇಮದ ಪ್ರಶ್ನೆಯೂ ಹೌದು. ಮೆಕಾನಕಿಯು ಕೇಳಿದುದು ಇದನ್ನೇ. ಅಂದಿನ ಅಧಿಕಾರಿಗಳು ಉತ್ತರ ಕೊಡಲಾರದೆ ಆತನನ್ನು ಮನೆಗೆ ಕಳುಹಿಸಿದರು. ತನ್ನ ನಾಯಕರು ಸೆರೆಮನೆಯ ಅನ್ನವನ್ನುಂಡು ಕಟ್ಟಿದ ರಾಷ್ಟ್ರವು ಆ ಪ್ರಶ್ನೆಯನ್ನು ಹಾಗೆ ತಳ್ಳಿಹಾಕುವಂತಿಲ್ಲ.